ಚಳಿಗಾಲದ ಮಂಕು ಕಳೆಯಲು ಹುಬ್ಬಳ್ಳಿಯಲ್ಲಿ ಏನೇನಿದೆ?

ನೀವು ಕೇಳಿರುವುದು ಇಷ್ಟು: ಕೆಲಸಕ್ಕೆ ಅಂತ ಹುಬ್ಬಳ್ಳಿಗೆ ಬಂದಿದ್ದೀರಿ, ಬಾಡಿಗೆ ರೂಮಿನಲ್ಲಿ ಒಬ್ಬರೇ ಇದ್ದೀರಿ, ಡಿಸೆಂಬರ್ ಬಂತೆಂದರೆ ಮನಸ್ಸು ಮಂಕಾಗುತ್ತದೆ. ಜಾಸ್ತಿ ಖರ್ಚಿಲ್ಲದ ಸಣ್ಣಪುಟ್ಟ ಖುಷಿಗಳು ಏನಾದರೂ ಇವೆಯಾ ಅಂತ.

ಬೇಕಾದಷ್ಟಿವೆ. ಆದರೆ ನನ್ನದೊಂದು ಷರತ್ತು. ಹೊದ್ದುಕೊಂಡು ಮೊಬೈಲ್ ನೋಡುವ ಖುಷಿಯನ್ನು ನಾನು ಲೆಕ್ಕಕ್ಕೆ ಹಿಡಿಯೋದಿಲ್ಲ. ನಿಮ್ಮನ್ನು ಎಬ್ಬಿಸಿ ಬಿಸಿಲಿಗೆ ತರುವಂಥದ್ದೇ ಬೇಕು.

ಲಂಡನ್ನಿನಲ್ಲಿ ಡಿಸೆಂಬರ್ ಕೊನೆಗೆ ಹಗಲು 8 ತಾಸೂ ಇರುವುದಿಲ್ಲ. ಅಲ್ಲಿನವರ ಚಳಿಗಾಲದ ಬೇಸರಕ್ಕೆ ಬೆಳಕಿನ ಕೊರತೆಯೇ ಮುಖ್ಯ ಕಾರಣ ಅನ್ನುತ್ತಾರೆ. ನಮ್ಮಲ್ಲಿ ವರ್ಷದ ಅತಿ ಚಿಕ್ಕ ಹಗಲೂ 11 ತಾಸು ದಾಟುತ್ತದೆ. ಬಿಸಿಲಿಗೇನೂ ಬರವಿಲ್ಲ, ನಾವೇ ಅದರ ಕೈಗೆ ಸಿಗುತ್ತಿಲ್ಲ. ಜನವರಿಯಲ್ಲಿ ಸೂರ್ಯ ಹುಟ್ಟೋದೇ 7 ಗಂಟೆ ಸುಮಾರಿಗೆ. ಥಂಡಿ ಅಂತ ಇನ್ನೊಂದು ತಾಸು ಮಲಗಿದರೆ ಆಮೇಲೆ ಸ್ನಾನ, ಗಡಿಬಿಡಿ, ಆಫೀಸು. ಹೊರಗೆ ಬರುವಷ್ಟರಲ್ಲಿ ಕತ್ತಲು. ಟ್ಯೂಬ್‌ಲೈಟಿನ ಬೆಳಕು ಎಷ್ಟೇ ಜೋರು ಅನ್ನಿಸಿದರೂ ಬಯಲಿನ ಬೆಳಕಿಗೆ ಅದು ಹತ್ತರಲ್ಲಿ ಒಂದು ಪಾಲೂ ಅಲ್ಲ. ನಿದ್ದೆ, ಎಚ್ಚರದ ಹೊತ್ತನ್ನು ಮಿದುಳು ಸರಿಮಾಡಿಕೊಳ್ಳುವುದು ಮುಖ್ಯವಾಗಿ ಬೆಳಗಿನ ಬೆಳಕು ನೋಡಿಯೇ.

ಹಾಗಾಗಿ ಮೊದಲು ಬೆಳಗಿನ ಚಾ. ರೂಮಿನಲ್ಲಿ ಮಾಡಿಕೊಳ್ಳಬೇಡಿ, ಹೊರಗೆ ಹೋಗಿ ಕುಡಿಯಿರಿ. ಉಣಕಲ್ ಕೆರೆ ಹತ್ತಿರವಿದ್ದರೆ ಅಲ್ಲಿ ಒಂದು ಸುತ್ತು, ಇಲ್ಲವಾದರೆ ನೃಪತುಂಗ ಬೆಟ್ಟ. ಧಾರವಾಡದ ಕಡೆ ಇದ್ದರೆ ಕೆಲಗೇರಿ ಕೆರೆ. ವಾಕಿಂಗ್ ಅಂತ ಮಾತ್ರ ಹೆಸರಿಡಬೇಡಿ, ಅದೂ ಒಂದು ಡ್ಯೂಟಿಯಾಗುತ್ತದೆ. ಮನಸ್ಸಾದಾಗ ಹೋಗೋಣ ಅಂತಲೂ ಕಾಯಬೇಡಿ. ಮಂಕು ಹಿಡಿದಾಗ ಮನಸ್ಸಾಗುವುದು ಹೋದ ಮೇಲೆಯೇ.

ಇನ್ನು ತಿನ್ನುವ ವಿಷಯ. ಪೇಢೆ, ಗಿರ್ಮಿಟ್, ಮಿರ್ಚಿ ವರ್ಷವಿಡೀ ಸಿಗುತ್ತವೆ, ಬಿಡಿ. ಈ ದಿನಗಳಲ್ಲಷ್ಟೇ ಸಿಗುವುದನ್ನು ಹುಡುಕಿ. ಮಾರ್ಕೆಟ್ಟಿನಲ್ಲಿ ಹಸಿ ಕಡಲೆ ಗಿಡದ ಕಟ್ಟು ಬರುತ್ತದೆ. ಒಂದು ಕಟ್ಟು ತಂದು, ರವಿವಾರ ಬಿಸಿಲು ಬೀಳುವ ಕಟ್ಟೆ ಮೇಲೆ ಕೂತು ಸುಲಿದು ತಿನ್ನಿ. ಗಿಡದ ಹುಳಿ ಬೆರಳಿಗೆಲ್ಲ ಅಂಟುತ್ತದೆ, ಮೊಬೈಲ್ ಮುಟ್ಟೋಕೆ ಆಗೋದಿಲ್ಲ. ಅದೂ ಒಂದು ಲಾಭವೇ! ಕಟ್ಟೆ ಮೇಲೆ ಒಬ್ಬರೇ ಕೂತರೂ ಬಹಳ ಹೊತ್ತು ಒಬ್ಬರೇ ಇರುವುದಿಲ್ಲ. ಮನೆ ಮಾಲೀಕರ ಅಜ್ಜಿಯೋ, ಪಕ್ಕದ ಮನೆಯ ಹುಡುಗರೋ ಬಂದು ಕೈಹಾಕಿಯೇ ಹಾಕುತ್ತಾರೆ.

ಅದಕ್ಕಿಂತ ಮೇಲಿನದು ಸೀತನಿ. ಬಿಳಿಜೋಳದ ಎಳೆ ತೆನೆಯನ್ನು ಕೆಂಡದಲ್ಲಿ ಸುಟ್ಟು, ಬಿಸಿ ಇರುವಾಗಲೇ ಉಜ್ಜಿ ಕಾಳು ಬಿಡಿಸಿ, ಬೆಲ್ಲ ಇಲ್ಲವೇ ಶೇಂಗಾ ಚಟ್ನಿ ಜೊತೆ ತಿನ್ನುವುದು. ಕಾಳು ಬಲಿತರೆ ಮುಗಿಯಿತು, ಆ ರುಚಿ ಇಲ್ಲ. ಪೇಟೆಗೆ ತಂದು ತಿಂದರೂ ಅಷ್ಟಕ್ಕಷ್ಟೆ, ಹೊಲದಲ್ಲೇ ತಿನ್ನಬೇಕು. ನವಲಗುಂದ, ಅಣ್ಣಿಗೇರಿ, ರೋಣದ ಕಡೆಯ ಎರೆಹೊಲದವರು ನಿಮ್ಮ ಆಫೀಸಿನಲ್ಲಿ ಒಬ್ಬರಾದರೂ ಇದ್ದೇ ಇರುತ್ತಾರೆ. "ಸೀತನಿ ಬಂತೇನ್ರಿ?" ಅಂತ ಸುಮ್ನೆ ಕೇಳಿ ನೋಡಿ. ಈ ಕಡೆಯವರು ಅದಕ್ಕೆ ಬರೀ "ಹೌದು" ಅಂದು ಸುಮ್ಮನಾಗೋದಿಲ್ಲ, ಹೊಲಕ್ಕೇ ಕರೆಯುತ್ತಾರೆ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲೋಕೆ, ಅಂದರೆ ಭೂತಾಯಿಗೆ ಹೊಲದಲ್ಲಿ ಎಡೆ ಚೆಲ್ಲೋಕೆ, ಬನ್ನಿ ಅಂದರೂ ಸಂಕೋಚ ಬಿಟ್ಟು ಹೋಗಿ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಸುತ್ತ ಆಳೆತ್ತರದ ಜೋಳ. ಅಷ್ಟು ಜನರ ನಡುವೆ ಊಟ ಮಾಡಿದ್ದು ಎಷ್ಟೋ ದಿನ ನೆನಪಿರುತ್ತದೆ.

ಒಂದು ಮಾತು ಮಾತ್ರ ಗಂಭೀರವಾಗಿ. ಎರಡು ವಾರ ದಾಟಿದರೂ ಯಾವುದರಲ್ಲೂ ಖುಷಿ ಇಲ್ಲ, ನಿದ್ದೆ ಊಟ ಕೆಟ್ಟಿದೆ, ಬದುಕೇ ಬೇಡ ಅನ್ನಿಸುತ್ತಿದೆ ಅಂದರೆ ಅದು ಕಡಲೆ ಗಿಡದಿಂದ ಹೋಗುವ ಮಂಕಲ್ಲ. ಬದುಕು ಬೇಡ ಅನ್ನಿಸಿದರಂತೂ ಎರಡು ವಾರ ಕಾಯಲೇಬೇಡಿ. ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ, ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ. ಟೆಲಿ ಮನಸ್ ಅನ್ನೋ ಸರ್ಕಾರಿ ಸಹಾಯವಾಣಿಯ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಹಾಗೇನೂ ಇಲ್ಲ, ಬರೀ ಬೇಸರ ಅಂದರೆ ಒಂದು ರವಿವಾರ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋಗಿ ಬನ್ನಿ. ಶಿರಹಟ್ಟಿ ತಾಲ್ಲೂಕಿನಲ್ಲಿದೆ, ಜಗತ್ತಿನ ಮಹತ್ವದ ಕೆರೆ, ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೂ 2024ರಲ್ಲಿ ಸೇರಿತು. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲವನ್ನು ಅಲ್ಲಿ ಕಳೆಯುತ್ತವೆ. ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ, ಗುರುತು ಹಿಡಿಯೋದು ಸುಲಭ. ಮೈಕೊರೆಯುವ ಚಳಿಯಿಂದ ತಪ್ಪಿಸಿಕೊಂಡು ಅವು ನಮ್ಮ ಊರ ಬಿಸಿಲಿಗೆ ಬರುತ್ತವೆ, ನಾವು ಇಲ್ಲೇ ಇದ್ದು ರಗ್ಗು ಹೊದ್ದು ಮಲಗಿರುತ್ತೇವೆ! ಸಂಕ್ರಾಂತಿ ಆಸುಪಾಸಿನಲ್ಲಿ ಹೋದರೆ ಒಳ್ಳೆಯದು, ಬೇಸಿಗೆ ಶುರುವಾಗುತ್ತಿದ್ದಂತೆ ಹೊರಟುಬಿಡುತ್ತವೆ. ಬುತ್ತಿ ಕಟ್ಟಿಕೊಂಡೇ ಹೋಗಿ. ನೀವು ಊಟ ಮಾಡುವ ಖಾನಾವಳಿಯಲ್ಲಿ ಹಿಂದಿನ ದಿನವೇ ಹೇಳಿಟ್ಟರೆ ರೊಟ್ಟಿ, ಚಟ್ನಿ ಕಟ್ಟಿಕೊಡ್ತಾರೆ.