ಬೆಟ್ಟಕ್ಕೆ ಹೋಗುವವರ ಜೇಬಿಗೆ ಎಂಥ ಚಾಕು?

ಪ್ರಶ್ನೆ: ನನಗೆ 24 ವರ್ಷ, ಡೊಂಬಿವಲಿಯಲ್ಲಿ ಇದ್ದೇನೆ. ಶನಿವಾರ, ಭಾನುವಾರ ಗೆಳೆಯರ ಜೊತೆ ಟ್ರೆಕ್ಕಿಂಗ್ ಹೋಗುತ್ತೇನೆ. ಆನ್‌ಲೈನ್‌ನಲ್ಲಿ ಒಂದು 'ಸರ್ವೈವಲ್' ಮಡಚುವ ಚಾಕು ನೋಡಿದೆ. ಕಪ್ಪು ಅಲಗು, ಅರ್ಧ ಭಾಗ ಗರಗಸದ ಹಲ್ಲು, ಸೀಟ್‌ಬೆಲ್ಟ್ ಕತ್ತರಿಸುವ ಕೊಕ್ಕೆ, ಗಾಜು ಒಡೆಯುವ ಮೊನೆ, ಕಿಡಿ ಹಾರಿಸುವ ಕಡ್ಡಿ, ಪುಟ್ಟ ಟಾರ್ಚು, ಎಲ್ಲಾ ಒಂದರಲ್ಲೇ ಇದೆ. ಬೆಲೆ 800 ರೂಪಾಯಿ. ಕಾಡಿನಲ್ಲಿ ಇದು ನಿಜವಾಗಿ ಉಪಯೋಗಕ್ಕೆ ಬರುತ್ತದಾ? ನೀವು ಹೋಟೆಲಿನಲ್ಲಿ ಚಾಕು ಹಿಡಿದವರು, ಬೆಟ್ಟವನ್ನೂ ಹತ್ತಿದವರು. ಅದಕ್ಕೇ ಕೇಳುತ್ತಿದ್ದೇನೆ.

ಉತ್ತರ: ತಮ್ಮಾ, ಮಡಚುವ ಚಾಕು ಖಂಡಿತ ತಗೋ. ಇದನ್ನು ಮಾತ್ರ ತಗೋಬೇಡ.

1987ರಲ್ಲಿ ಕುಂದಾಪುರದಿಂದ ಬಸ್ಸು ಹತ್ತಿ ಮಾಟುಂಗಕ್ಕೆ ಬಂದಾಗ ನನಗೆ ಹತ್ತೊಂಬತ್ತು. ಹೋಟೆಲಿನಲ್ಲಿ ಸಿಕ್ಕ ಮೊದಲ ಕೆಲಸ ಈರುಳ್ಳಿ ಹೆಚ್ಚುವುದು. ಅಲ್ಲಿದ್ದ ಹಿರಿಯ ಭಟ್ಟರು ಚಾಕು ಕೈಗೆ ಕೊಡುವ ಮೊದಲು ಅದನ್ನು ತಿರುಗಿಸಿ ಹಿಡಿಯ ಬೆನ್ನು ತೋರಿಸಿದರು. ಎರಡು ಮರದ ಹೋಳುಗಳ ನಡುವೆ ಉಕ್ಕು ಕೊನೆ ತನಕ ಹೋಗಿತ್ತು, ಮೂರು ರಿವೆಟ್ಟು ಹೊಡೆದಿತ್ತು. "ಅಲಗೂ ಹಿಡಿಯೂ ಒಂದೇ ತುಂಡು, ನೋಡಿಕೋ. ಅದಕ್ಕೇ ಇದರ ಮೇಲೆ ಭಾರ ಹಾಕಬಹುದು" ಅಂದರು. ಮಡಚುವ ಚಾಕು ಎರಡು ತುಂಡು. ನಡುವೆ ಒಂದು ಕೀಲು. ನಿನ್ನ ಪ್ರಶ್ನೆಗೆ ಉತ್ತರ ಇರುವುದು ಆ ಕೀಲಿನಲ್ಲೇ.

ಅಲಗು ಬಿಚ್ಚಿದಾಗ ಟಕ್ ಅಂತ ಸದ್ದು ಬರುತ್ತದಲ್ಲ, ಹಿಡಿಯ ಒಳಗಿನ ಒಂದು ತೆಳು ಉಕ್ಕಿನ ಪಟ್ಟಿ ಪಕ್ಕಕ್ಕೆ ಸರಿದು ಅಲಗಿನ ಬುಡಕ್ಕೆ ಒತ್ತಿ ನಿಂತ ಸದ್ದು ಅದು. ಲೈನರ್ ಲಾಕ್ ಅನ್ನುತ್ತಾರೆ. ಅಗ್ಗದ ಚಾಕುಗಳಲ್ಲಿ ಜಾಸ್ತಿ ಕಾಣುವುದು ಇದೇ. ಹಣ್ಣು ಹೆಚ್ಚುವಾಗ ಒತ್ತಡ ಬೀಳುವುದು ಅಲಗಿನ ಬಾಯಿಯ ಮೇಲೆ. ಅದು ಅಲಗನ್ನು ಬಿಚ್ಚುವ ಕಡೆಗೇ ತಳ್ಳುತ್ತದೆ, ಲಾಕಿಗೆ ಭಾರ ಬೀಳುವುದಿಲ್ಲ. ಆದರೆ ಚುಚ್ಚಿದಾಗ, ತಿರುಚಿದಾಗ, ಬೆನ್ನಿನ ಮೇಲೆ ಹೊಡೆದಾಗ ಅಲಗು ಮಡಚಿಕೊಳ್ಳಲು ನೋಡುತ್ತದೆ. ಆಗ ನಿನ್ನ ಬೆರಳಿಗೂ ಅಲಗಿಗೂ ನಡುವೆ ಇರುವುದು ಆ ಪಟ್ಟಿ ಒಂದೇ. ಅದರ ಸಂದಿಯಲ್ಲಿ ಸ್ವಲ್ಪ ಮಣ್ಣು ಕೂತರೂ ಪೂರ್ತಿ ಹಿಡಿಯುವುದಿಲ್ಲ.

ಇದನ್ನು ನಾನು ಕಣ್ಣಾರೆ ಕಂಡದ್ದು ರಾಜಮಾಚಿಯಲ್ಲಿ, ಎಂಟು ವರ್ಷದ ಹಿಂದೆ. ನಮ್ಮ ಸಂಘದ ಹನ್ನೊಂದು ಹುಡುಗರು, ಜೊತೆಗೆ ನಾನು. ಕೊಂಡಿವಡೆ ಕಡೆಯಿಂದ ಹತ್ತಿ ಉಧೇವಾಡಿ ಮುಟ್ಟಿದಾಗ ಸಂಜೆಯಾಗಿತ್ತು. ಉಳಿದುಕೊಂಡ ಮನೆಯ ಅಂಗಳದಲ್ಲಿ ಚಹಾಕ್ಕೆ ಒಲೆ ಹಚ್ಚಬೇಕಿತ್ತು, ಕಟ್ಟಿಗೆ ದಪ್ಪ ಇತ್ತು. ಒಬ್ಬ ಹುಡುಗ ನೀನು ಹೇಳಿದಂಥದೇ ಒಂದು ಕಪ್ಪು ಚಾಕು ತೆಗೆದ. ಕಟ್ಟಿಗೆಯ ತುದಿಗೆ ಅಲಗು ಇಟ್ಟು ಬೆನ್ನಿನ ಮೇಲೆ ಕಲ್ಲಿನಿಂದ ಕುಟ್ಟಿದ. ವಿಡಿಯೊದಲ್ಲಿ ನೋಡಿದ್ದನಂತೆ. ನಾನು "ಬೇಡ ಮಾರಾಯಾ" ಅನ್ನುವಷ್ಟರಲ್ಲಿ ಮೂರನೇ ಪೆಟ್ಟು ಬಿತ್ತು. ಲಾಕ್ ಜಾರಿತು. ಅಲಗು ಬಾಗಿಲು ಹಾಕಿದ ಹಾಗೆ ಬೆರಳುಗಳ ಮೇಲೆ ಮುಚ್ಚಿಕೊಂಡಿತು. ಮೊದಲು ರಕ್ತವೇ ಬರಲಿಲ್ಲ. ಮೂರು ಬೆರಳಿನ ಗಿಣ್ಣಿನ ಕೆಳಗೆ ಬಿಳಿ ಗೆರೆ ಮಾತ್ರ ಕಂಡಿತು. ಆಮೇಲೆ ಒಮ್ಮೆಲೇ ತುಂಬಿಕೊಂಡು ಬಂತು. ನನ್ನ ಹೆಗಲ ಟವೆಲ್ಲು ಒತ್ತಿ ಹಿಡಿದು, ಕೈ ಮೇಲೆತ್ತಿಸಿ, ಊರವರ ಜೀಪಿನಲ್ಲಿ ಆ ಕಲ್ಲುದಾರಿಯಲ್ಲಿ ಲೋಣಾವಳಕ್ಕೆ ಕರೆದುಕೊಂಡು ಹೋದೆವು. ಒಂಬತ್ತು ಹೊಲಿಗೆ. ತೋರುಬೆರಳು ಇವತ್ತಿಗೂ ಪೂರ್ತಿ ಮಡಚುವುದಿಲ್ಲ. ಅವನು ಕೀಬೋರ್ಡಿನ ಮುಂದೆ ಕೂತು ದುಡಿಯುವವನು. ಅದನ್ನು ನೆನೆದರೆ ನನಗೆ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಒಂದು ನಿಮಿಷ ಮೊದಲೇ ಆ ಚಾಕು ಕಸಿದುಕೊಳ್ಳಬಹುದಿತ್ತು ನಾನು.

ಬೆಳಿಗ್ಗೆ ವಾಪಸ್ ಹೋದಾಗ ಮನೆಯ ಅಜ್ಜ ಅದೇ ಕಟ್ಟಿಗೆ ಸೀಳುತ್ತಿದ್ದರು. ಸೊಂಟದ ಹಿಂದಿನ ಮರದ ಕೊಕ್ಕೆಗೆ ಸಿಕ್ಕಿಸಿಕೊಂಡಿದ್ದ ಕೊಯ್ತಾ ತೆಗೆದರು, ನಾಲ್ಕು ಪೆಟ್ಟು, ಮುಗಿಯಿತು. ನಮ್ಮೂರಲ್ಲಿ ಅಪ್ಪ ತೋಟಕ್ಕೆ ಹೋಗುವಾಗ ಸೊಂಟಕ್ಕೆ ಸಿಕ್ಕಿಸುತ್ತಿದ್ದ ಕತ್ತಿಯ ತಮ್ಮನ ಹಾಗಿತ್ತು ಅದು. ಕಟ್ಟಿಗೆ ಸೀಳುವುದಕ್ಕೆ, ಮುಳ್ಳು ಸವರುವುದಕ್ಕೆ ಅಂತಲೇ ಆದ ಆಯುಧ. ಸಹ್ಯಾದ್ರಿಯ ಯಾವ ಹಳ್ಳಿಗೆ ಹೋದರೂ ಒಂದು ಕೊಯ್ತಾ ಇರುತ್ತದೆ, ಅದನ್ನು ಬೀಸಲು ಬಲ್ಲ ಕೈಯೂ ಇರುತ್ತದೆ. ನಾವು ಅದನ್ನು ಹೊರುವುದು ಬೇಕಿಲ್ಲ. ಜೇಬಿನ ಚಾಕುವಿನಿಂದ ಆ ಕೆಲಸ ಮಾಡಿಸುವುದೂ ಬೇಡ.

ಉಳಿದ ಸಾಮಾನು ನೋಡೋಣ. ಗಾಜು ಒಡೆಯುವ ಮೊನೆ ಕಾರಿನ ಪಕ್ಕದ ಕಿಟಕಿಯ ಗಾಜಿಗೆ ಕೆಲಸ ಮಾಡಬಹುದು. ಮುಂದಿನ ಗಾಜು ಎರಡು ಪದರದ ನಡುವೆ ಪ್ಲಾಸ್ಟಿಕ್ ಹಾಳೆ ಇಟ್ಟದ್ದು, ಅದು ಬಿರುಕು ಬಿಡುತ್ತದೆ, ಉದುರುವುದಿಲ್ಲ. ಹಾಗಾಗಿ ಆ ಮೊನೆ, ಬೆಲ್ಟಿನ ಕೊಕ್ಕೆ ಎರಡೂ ಇರಬೇಕಾದ್ದು ಕಾರಿನಲ್ಲಿ. ಬೆಟ್ಟದಲ್ಲಿ ಆ ಮೊನೆ ನಿನ್ನ ಅಂಗೈಗೆ ಚುಚ್ಚುತ್ತದೆ, ಅಷ್ಟೆ. ಕಿಡಿ ಕಡ್ಡಿ ಒದ್ದೆಯಾದರೂ ಕಿಡಿ ಕೊಡುತ್ತದೆ, ಅದು ನಿಜ. ಆದರೆ ಜುಲೈ ತಿಂಗಳಲ್ಲಿ ಆ ಕಿಡಿ ಹಿಡಿಯುವ ಒಣ ನಾರು ಎಲ್ಲಿಂದ ತರುತ್ತೀಯಾ? ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಒಂದು ಲೈಟರ್ ಸಾಕು. ಟಾರ್ಚು ಹಣೆಗೆ ಕಟ್ಟುವಂಥದು ಬೇರೆಯೇ ತಗೋ. ಕತ್ತಲಲ್ಲಿ ಇಳಿಯುವಾಗ ಎರಡೂ ಕೈ ಖಾಲಿ ಇರಬೇಕು.

ಗರಗಸದ ಹಲ್ಲಿನ ಬಗ್ಗೆ ಮಾತ್ರ ನ್ಯಾಯವಾಗಿ ಹೇಳಬೇಕು. ಒದ್ದೆ ನೈಲಾನ್ ಹಗ್ಗಕ್ಕೆ ಅದರಷ್ಟು ಚೆನ್ನಾಗಿ ಕಚ್ಚುವುದು ಬೇರೆ ಇಲ್ಲ. ತೊಂದರೆ ಏನೆಂದರೆ ಆ ಹಲ್ಲು ಇರುವುದು ಹಿಡಿಯ ಹತ್ತಿರ. ಸೂಕ್ಷ್ಮ ಕೆಲಸಕ್ಕೆ ಕೈಗೆ ಹತ್ತಿರದ ಆ ಜಾಗವೇ ಬೇಕು, ಅಲ್ವಾ? ಜೊತೆಗೆ ಮೊಂಡಾದರೆ ಮನೆಯ ಸಾಣೆಕಲ್ಲಿನಲ್ಲಿ ಹರಿತ ಮಾಡಲು ಆಗುವುದಿಲ್ಲ, ಪ್ರತಿ ಹಲ್ಲಿಗೂ ಸಣ್ಣ ಗುಂಡು ಅರ ಬೇಕು.

ಇಷ್ಟು ವರ್ಷದಲ್ಲಿ ಬೆಟ್ಟದ ಮೇಲೆ ನಾನು ಕತ್ತರಿಸಿದ್ದು ಏನು ಅಂತ ನೆನಪು ಮಾಡಿಕೊಂಡೆ. ಸೌತೆಕಾಯಿ. ಕಾಂದೆ ಪೋಹೆಗೆ ಈರುಳ್ಳಿ. ಲಿಂಬೆಹಣ್ಣು. ಗಾಯದ ಪಟ್ಟಿ. ಟಾರ್ಪಾಲಿನ ದಾರ. ಬ್ಯಾಗಿನ ಹರಿದ ಪಟ್ಟಿ. ಒಮ್ಮೆ ಲೋಹಗಡದಲ್ಲಿ ಒಬ್ಬಳ ಶೂವಿನ ಅಡಿ ಪೂರಾ ಬಿಚ್ಚಿಕೊಂಡಿತು, ನನ್ನ ಟವೆಲ್ಲು ಉದ್ದಕ್ಕೆ ಸೀಳಿ ಕಟ್ಟಿ ಇಳಿಸಿದೆವು. ಇದ್ಯಾವುದಕ್ಕೂ ಏಳೆಂಟು ಸೆಂಟಿಮೀಟರಿಗಿಂತ ಉದ್ದದ ಅಲಗು ಬೇಕಾಗಲಿಲ್ಲ.

'ಸರ್ವೈವಲ್' ಅನ್ನುವ ಮಾತು ಕೇಳಿದಾಗ ನನಗೆ ನೆನಪಾಗುವುದು ಅಮೆರಿಕದ ಏರನ್ ರಾಲ್ಸ್‌ಟನ್. 2003ರ ಏಪ್ರಿಲ್‌ನಲ್ಲಿ ಯೂಟಾದ ಒಂದು ಇಕ್ಕಟ್ಟಾದ ಕಣಿವೆಯಲ್ಲಿ ಬಂಡೆ ಉರುಳಿ ಅವರ ಬಲಗೈ ಸಿಕ್ಕಿಹಾಕಿಕೊಂಡಿತು. ಹತ್ತಿರ ಇದ್ದದ್ದು ಒಂದು ಅಗ್ಗದ ಮಲ್ಟಿಟೂಲು, ಅಂದರೆ ಚಾಕು, ಇಕ್ಕುಳ ಎಲ್ಲ ಒಂದರಲ್ಲೇ ಮಡಚಿಟ್ಟ ಸಾಧನ. ಅದರ ಅಲಗಿನಿಂದ ಬಂಡೆ ಕೆತ್ತಲು ನೋಡಿದರು, ಬಂಡೆ ಜಗ್ಗಲಿಲ್ಲ, ಅಲಗು ಮೊಂಡಾಯಿತು. ಐದು ದಿನ ಕಳೆದ ಮೇಲೆ ತಮ್ಮ ಕೈಯನ್ನೇ ಕತ್ತರಿಸಿಕೊಂಡು ಹೊರಬಂದರು. ಎಲ್ಲಿಗೆ ಹೋಗುತ್ತೇನೆ ಅಂತ ಅವರು ಯಾರಿಗೂ ಹೇಳಿರಲಿಲ್ಲ. ತಮ್ಮಾ, ಯಾವ ಕೋಟೆ, ಯಾವ ದಾರಿ, ಯಾವ ಲೋಕಲ್‌ಗೆ ವಾಪಸ್ ಅಂತ ಮನೆಯಲ್ಲಿ ಒಂದು ಚೀಟಿ ಬರೆದಿಟ್ಟು ಹೊರಡು. ನಮ್ಮ ಹುಡುಗರಿಗೆ ಆ ಚೀಟಿ ಇಲ್ಲದೆ ನಾನು ಕರ್ಜತ್ ಟಿಕೆಟು ತೆಗೆಸುವುದಿಲ್ಲ.

ಯಾವುದು ತಗೊಳ್ಳುವುದು? ನನ್ನ ಜೇಬಿನಲ್ಲಿರುವುದು ವಿಕ್ಟೋರಿನಾಕ್ಸ್‌ನ ಕೆಂಪು ಹಿಡಿಯ ಸಣ್ಣ ಚಾಕು. ಸ್ವಿಟ್ಜರ್ಲೆಂಡಿನ ಕಾರ್ಲ್ ಎಲ್ಸೆನರ್ 1884ರಲ್ಲಿ ಶುರು ಮಾಡಿದ ಕಾರ್ಖಾನೆ. 1891ರಲ್ಲಿ ಅಲ್ಲಿನ ಸೈನಿಕರಿಗೆ ಮೊದಲ ಚಾಕು ಕೊಟ್ಟರು. ಈಗ ನಾವು ನೋಡುವ ಮಾದರಿಯ ಮೂಲ 1897ರದ್ದು. ನನ್ನದಕ್ಕೆ ಲಾಕೇ ಇಲ್ಲ, ಬರೀ ಸ್ಪ್ರಿಂಗು. ಲಾಕ್ ಇಲ್ಲ ಅಂತ ಗೊತ್ತಿರುವುದರಿಂದ ಕೈ ತಾನಾಗಿಯೇ ಹುಷಾರಾಗಿರುತ್ತದೆ, ಚುಚ್ಚಲು ಹೋಗುವುದಿಲ್ಲ. ಲಾಕ್ ಬೇಕೇ ಬೇಕು ಅಂದರೆ ಫ್ರಾನ್ಸಿನ ಒಪಿನೆಲ್ ಚಾಕುವಿನ ಉಂಗುರ ನೋಡು. ಅಲಗು ಬಿಚ್ಚಿ ಕುತ್ತಿಗೆಯ ಉಂಗುರ ತಿರುಗಿಸಿದರೆ ಮಡಚುವ ದಾರಿಯೇ ಮುಚ್ಚಿಹೋಗುತ್ತದೆ. 1955ರಿಂದ ಹಾಗೇ ಇದೆ, ಜಾಸ್ತಿ ನಾಜೂಕಿಲ್ಲ, ಕೆಡಲು ಏನೂ ಇಲ್ಲ. ಎರಡೂ 800ಕ್ಕೆ ಸಿಗುವುದಿಲ್ಲ. ಸ್ವಲ್ಪ ದಿನ ಕಾದು ದುಡ್ಡು ಕೂಡಿಸು.

ಸಾಧ್ಯವಾದರೆ ಅಂಗಡಿಯಲ್ಲಿ ಕೈಯಲ್ಲಿ ಹಿಡಿದು ತಗೋ. ಅಲಗು ಬಿಚ್ಚಿ ಮೊನೆಯನ್ನು ಎಡಕ್ಕೆ, ಬಲಕ್ಕೆ ಮೆಲ್ಲಗೆ ಅಲ್ಲಾಡಿಸು. ಕೀಲು ಲೊಡಲೊಡ ಅಂದರೆ ವಾಪಸ್ ಕೊಟ್ಟುಬಿಡು.

ಪ್ರಶ್ನೆ: ಪುಣೆಯ ಕೋಥರೂಡಿನಿಂದ ಬರೆಯುತ್ತಿದ್ದೇನೆ. ಎಂಜಿನಿಯರಿಂಗ್ ಓದುವ ಮಗ ಮುಂದಿನ ತಿಂಗಳು ಹರಿಶ್ಚಂದ್ರಗಡಕ್ಕೆ ಹೋಗುತ್ತಾನೆ. ಬ್ಯಾಗಿನಲ್ಲಿ ಚಾಕು ಇಟ್ಟುಕೊಂಡಿದ್ದಾನೆ. ಹಾವು ಕಚ್ಚಿದರೆ ಬೇಕು ಅನ್ನುತ್ತಾನೆ. ಪೊಲೀಸರು ಹಿಡಿದರೆ ಏನು ಗತಿ ಅಂತ ನನಗೆ ಭಯ.

ಉತ್ತರ: ಅಕ್ಕಾ, ಮೊದಲು ಹಾವಿನ ಮಾತು. ಹಾವು ಕಚ್ಚಿದ ಜಾಗವನ್ನು ಚಾಕುವಿನಿಂದ ಕುಯ್ಯಲೇಬಾರದು ಅಂತ ಮಗನಿಗೆ ಕೂರಿಸಿಕೊಂಡು ಹೇಳಿ. ಕುಯ್ದರೆ ವಿಷ ಹೊರಗೆ ಬರುವುದಿಲ್ಲ. ಕೊಳಕುಮಂಡಲದ ವಿಷ ರಕ್ತ ಹೆಪ್ಪುಗಟ್ಟುವ ಗುಣವನ್ನೇ ಕೆಡಿಸುತ್ತದೆ, ಕುಯ್ದ ಗಾಯದಿಂದ ರಕ್ತ ನಿಲ್ಲದೆ ಹರಿಯುತ್ತದೆ. ಬಾಯಿಂದ ಹೀರುವುದು, ಬಿಗಿಯಾಗಿ ಹಗ್ಗ ಕಟ್ಟುವುದು, ಅವೂ ಬೇಡ. ಉಂಗುರ, ವಾಚು, ಶೂ ಬಿಚ್ಚಬೇಕು. ಕಚ್ಚಿದ ಕೈಯೋ ಕಾಲೋ ಅಲ್ಲಾಡದ ಹಾಗೆ ಕೋಲು ಇಟ್ಟು ಸಡಿಲವಾಗಿ ಕಟ್ಟಬೇಕು. ನಡೆಸಬಾರದು, ಹೊತ್ತುಕೊಂಡು ಇಳಿಸಬೇಕು. 108ಕ್ಕೆ ಫೋನ್ ಮಾಡಿ ಆಸ್ಪತ್ರೆ ಸೇರಿಸಬೇಕು. ವಿಷಕ್ಕೆ ಔಷಧ ಇರುವುದು ಅಲ್ಲಿ.

ಕಾನೂನಿನ ವಿಷಯ. 2016ರ ಶಸ್ತ್ರಾಸ್ತ್ರ ನಿಯಮಗಳು ಹೆಸರಿಸುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳನ್ನು. ಅಡುಗೆಗೆ, ಬೇಸಾಯಕ್ಕೆ ಅಂತ ಮಾಡಿದವು ಅದರಿಂದ ಹೊರಗೆ. ಜೇಬಿನ ಚಾಕು ಆ ಅಳತೆಗೆ ಎಲ್ಲಿ ಬರುತ್ತದೆ? ಆದರೆ 1951ರ ಮಹಾರಾಷ್ಟ್ರ ಪೊಲೀಸ್ ಕಾಯ್ದೆಯ 37ನೇ ಕಲಮಿನ ಪ್ರಕಾರ ಹಬ್ಬ, ಚುನಾವಣೆ, ಗಲಾಟೆಯ ದಿನಗಳಲ್ಲಿ ಚಾಕು, ದೊಣ್ಣೆ ಒಯ್ಯುವುದನ್ನು ನಿಷೇಧಿಸಿ ಆದೇಶ ಹೊರಡಿಸಬಹುದು. ಅಂಥ ದಿನ ಬ್ಯಾಗಿನಲ್ಲಿ ಇಡುವುದು ಬೇಡ. ಗುಂಡಿ ಒತ್ತಿದರೆ ಚಿಮ್ಮುವ ಚಾಕುವಂತೂ ಯಾವತ್ತೂ ಬೇಡ. ವಿಮಾನದಲ್ಲಿ ಹೋಗುವಾಗ ಕೈಚೀಲದಲ್ಲಿ ಬಿಡುವುದಿಲ್ಲ, ಚೆಕ್-ಇನ್ ಸಾಮಾನಿಗೆ ಹಾಕಬೇಕು.

ನಿಮ್ಮ ಮಗನಿಗೆ ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ತುಂಬಾ ಜನ ಟ್ರೆಕ್ಕರುಗಳಿಗೆ ಇದು ಗೊತ್ತಿಲ್ಲ. ಹರಿಶ್ಚಂದ್ರಗಡ ಇರುವುದು ಕಳಸೂಬಾಯಿ-ಹರಿಶ್ಚಂದ್ರಗಡ ವನ್ಯಜೀವಿ ಅಭಯಾರಣ್ಯದಲ್ಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಭಯಾರಣ್ಯದೊಳಗೆ ಲಿಖಿತ ಅನುಮತಿ ಇಲ್ಲದೆ ಆಯುಧ ಒಯ್ಯುವ ಹಾಗಿಲ್ಲ. ಆ ಕಾಯ್ದೆ 'ಆಯುಧ' ಅಂದರೆ ಏನೇನು ಅಂತ ಹೇಳುವ ಪಟ್ಟಿಯಲ್ಲಿ ಬಂದೂಕು, ಬಲೆ, ವಿಷದ ಜೊತೆ ಚಾಕುವೂ ಇದೆ. ಭೀಮಾಶಂಕರಕ್ಕೂ ಇದೇ ಮಾತು, ಬೊರಿವಲಿಯ ರಾಷ್ಟ್ರೀಯ ಉದ್ಯಾನಕ್ಕೂ ಇದೇ. ಅಲ್ಲಿಗೆ ಹೋಗುವಾಗ ನಾನು ಚಾಕು ಮನೆಯಲ್ಲೇ ಬಿಡುತ್ತೇನೆ. ಹಣ್ಣು ಮನೆಯಲ್ಲೇ ಹೆಚ್ಚಿ ಡಬ್ಬಿಗೆ ಹಾಕಿಕೊಳ್ಳುತ್ತೇನೆ, ಮೊಂಡು ಮೊನೆಯ ಪುಟ್ಟ ಕತ್ತರಿಯೊಂದನ್ನು ಔಷಧದ ಪೆಟ್ಟಿಗೆಯಲ್ಲಿ ಇಡುತ್ತೇನೆ. ಪಾಚನೈ ಊರಿನಲ್ಲಿ ಬಿಸಿ ಭಾಕರಿ, ಪಿಠಲೆ ಸಿಗುತ್ತದೆ. ಹೊಟ್ಟೆಗೆ ಕಡಿಮೆ ಆಗುವುದಿಲ್ಲ ಅಕ್ಕಾ.

ಪ್ರಶ್ನೆ: ಗೋವಾದ ವಾಸ್ಕೊದಲ್ಲಿ ಇದ್ದೇನೆ. ಗಾಳ ಹಾಕಿ ಮೀನು ಹಿಡಿಯುವ ಹುಚ್ಚು. ಸ್ಟೇನ್‌ಲೆಸ್ ಮಡಚುವ ಚಾಕುವಿಗೂ ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿಯಿತು. ಏನು ಮಾಡಲಿ?

ಉತ್ತರ: ಸ್ಟೇನ್‌ಲೆಸ್ ಅಂದರೆ ತುಕ್ಕು ನಿಧಾನ, ಅಷ್ಟೆ. ಉಕ್ಕಿನಲ್ಲಿರುವ ಕ್ರೋಮಿಯಂ ಮೇಲೊಂದು ತೆಳು ಪೊರೆ ಕಟ್ಟುತ್ತದೆ. ಸಮುದ್ರದ ಉಪ್ಪು ಆ ಪೊರೆಯನ್ನು ಅಲ್ಲಲ್ಲಿ ತೂತು ಮಾಡುತ್ತದೆ. ದಡದಿಂದ ಬಂದ ತಕ್ಷಣ ಸಿಹಿನೀರಿನಲ್ಲಿ, ಅಲಗು ಬಿಚ್ಚಿ, ಕೀಲಿನೊಳಗೆ ನೀರು ಹಾಯುವ ಹಾಗೆ ತೊಳೆಯಿರಿ. ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಸಂದಿಯಲ್ಲಿ ಸಿಕ್ಕಿದ ಮೀನಿನ ಹುರುಪೆ, ರಕ್ತ ತೆಗೆಯಿರಿ. ಬಿಚ್ಚಿಟ್ಟೇ ಫ್ಯಾನಿನ ಕೆಳಗೆ ಒಣಗಿಸಿ. ಆಮೇಲೆ ಕೀಲಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ತೊಟ್ಟು. ತೆಂಗಿನೆಣ್ಣೆ ಬೇಡ, ದಿನ ಕಳೆದಂತೆ ಅಂಟಾಗಿ ಕೀಲು ಬಿಗಿಯುತ್ತದೆ. ಚರ್ಮದ ಒರೆಯಲ್ಲೂ ಇಡಬೇಡಿ, ಅದು ತೇವ ಹಿಡಿದುಕೊಳ್ಳುತ್ತದೆ. ಮರದ ಹಿಡಿಯದ್ದಾದರೆ ಮಳೆಗಾಲದಲ್ಲಿ ಮರ ಉಬ್ಬಿ ಅಲಗು ಬಿಚ್ಚುವುದೇ ಕಷ್ಟ, ನಿಮ್ಮ ಕೆಲಸಕ್ಕೆ ಪ್ಲಾಸ್ಟಿಕ್ ಹಿಡಿಯೇ ಸರಿ.

ನಿಜ ಹೇಳಬೇಕೆಂದರೆ, ಮೀನು ಸೀಳಲು ಮಡಚುವ ಚಾಕುವೇ ಬೇಡ. ಕೀಲಿನೊಳಗೆ ಹೋದ ಮೀನಿನ ನೀರನ್ನು ಪೂರ್ತಿ ತೆಗೆಯುವುದು ಯಾರಿಂದಲೂ ಆಗುವುದಿಲ್ಲ, ನಾಳೆ ಅದೇ ಚಾಕುವಿನಲ್ಲಿ ಹಣ್ಣು ಹೆಚ್ಚುತ್ತೀರಿ. ಒರೆ ಇರುವ ನೇರ ಅಲಗಿನ ಸಣ್ಣ ಚಾಕು ಒಂದು ಇಟ್ಟುಕೊಳ್ಳಿ. ಈಗ ಹಿಡಿದಿರುವ ತುಕ್ಕಿಗೆ ಅಡುಗೆ ಸೋಡಾ ಕಲಸಿ ಬಟ್ಟೆಯಿಂದ ಉಜ್ಜಿ. ಬಾಯಿ ಮೊಂಡಾಗಿದ್ದರೆ ಪಿಂಗಾಣಿಯ ಚಹಾ ಕಪ್ ಬೋರಲು ಹಾಕಿ, ಅದರ ಅಡಿಯಲ್ಲಿ ಹೊಳಪಿಲ್ಲದ ಒರಟು ಅಂಚು ಇರುತ್ತದಲ್ಲ, ಅದರ ಮೇಲೆ ಅಲಗನ್ನು ತುಸು ಓರೆಯಾಗಿ, ಎರಡೂ ಕಡೆ ಹತ್ತತ್ತು ಸಲ ಎಳೆಯಿರಿ. ಆಮೇಲೆ ಹಣ್ಣಾದ ಟೊಮೆಟೊ ಮೇಲೆ ಒತ್ತದೆ ಇಟ್ಟು ಎಳೆದು ನೋಡಿ. ಸಿಪ್ಪೆ ಜಾರದೆ ಸೀಳಿಕೊಂಡರೆ ಹರಿತ ಬಂದಿದೆ.