ತೋಹೋ ಆಟದಲ್ಲಿ ಅಂಥ ಖುಷಿ ಏನಿದೆ?

ಬದಿಯಡ್ಕದ ಗೆಳೆಯರೇ, ಗುಂಡು ತಪ್ಪಿಸಿಕೊಂಡು ಆಡುವ ಕಂಪ್ಯೂಟರ್ ಆಟಗಳ ಸರಣಿ ತೋಹೋ ಬಗ್ಗೆ ‘ಪರದೆ ತುಂಬಾ ಗುಂಡುಗಳು, ಎರಡನೇ ಹಂತವೇ ದಾಟಲಾಗುತ್ತಿಲ್ಲ, ಇದರಲ್ಲಿ ಏನು ಮಜಾ?’ ಎಂದು ಕೇಳಿದ್ದೀರಿ.

ಅಲ್ಲಿ ನೀವು ಆಡಿಸುವ ಹುಡುಗಿಯ ಇಡೀ ಮೈಗೆ ಪೆಟ್ಟು ತಗಲುವುದಿಲ್ಲ ಮಾರಾಯ್ರೇ. ನಡುವಿನ ಒಂದು ಪುಟ್ಟ ಜಾಗಕ್ಕೆ ಮಾತ್ರ. ಶಿಫ್ಟ್ ಕೀ ಒತ್ತಿ ಹಿಡಿಯಿರಿ. ವೇಗ ತಗ್ಗುತ್ತದೆ, ಸರಣಿಯ ಹೆಚ್ಚಿನ ಆಟಗಳಲ್ಲಿ ಆ ಚುಕ್ಕೆಯೂ ಕಾಣುತ್ತದೆ. ಕೂದಲು, ಬಟ್ಟೆ ಸವರಿಕೊಂಡು ಗುಂಡು ಹೋದರೂ ಜೀವ ಹೋಗುವುದಿಲ್ಲ. ಇದು ಗೊತ್ತಾದ ಮೇಲೆ ಆಟವೇ ಬೇರೆ.

ಗುಂಡುಗಳನ್ನು ಸುಮ್ನೆ ಎರಚಿದ್ದಲ್ಲ. ನಾಗಮಂಡಲದ ಗೆರೆಗಳ ಹಾಗೆ ಅವಕ್ಕೊಂದು ವಿನ್ಯಾಸವಿದೆ. ಕೆಲವು ನಿಮ್ಮತ್ತಲೇ ಗುರಿಯಿಟ್ಟು ಬರುತ್ತವೆ. ಅವಕ್ಕೆ ಒಂಚೂರು ಸರಿದರೆ ಸಾಕು. ಜಾಸ್ತಿ ಓಡಿದರೆ ನಿಮ್ಮ ದಾರಿಯನ್ನು ನೀವೇ ಮುಚ್ಚಿಕೊಳ್ಳುತ್ತೀರಿ. ನಿನ್ನೆ ಗೋಡೆಯಂತಿದ್ದ ಕಡೆ ಇವತ್ತು ಸಂದು ಕಾಣುತ್ತದಲ್ವಾ, ನನಗೆ ಅದೇ ದೊಡ್ಡ ಖುಷಿ.

ಪ್ರೋಗ್ರಾಂ, ಚಿತ್ರ, ಸಂಗೀತ ಹೆಚ್ಚಿನದೆಲ್ಲ ಜಪಾನಿನ ಝೂನ್ ಒಬ್ಬರದೇ ಕೆಲಸ. ಸರಣಿಯ ಮೊದಲ ವಿಂಡೋಸ್ ಆಟ 2002ರಲ್ಲಿ ಬಂತು. ಆಡಲು ನೆಟ್ ಬೇಡ. ಮಳೆಗಾಲದಲ್ಲಿ ನಮ್ಮ ಕುಂಬಳೆ ಕಡೆ ಅದೊಂದು ದೊಡ್ಡ ಅನುಕೂಲ.

‘ಈಸಿ’ ಎಂಬ ಸುಲಭ ಮಟ್ಟದಲ್ಲೇ ಶುರು ಮಾಡಿ. ಸಿಕ್ಕಿಹಾಕಿಕೊಂಡೆ ಅನಿಸಿದ ತಕ್ಷಣ, ಎದುರಿನ ಗುಂಡುಗಳನ್ನು ಅಳಿಸುವ ಬಾಂಬ್ ಬಳಸಿ, ಉಳಿಸಿಡಬೇಡಿ.