ಸಹಿ ಸಾಕು, ಇನ್ನು ಮುಂಗಡ ಕೇಳಿ

ಕಾಸರಗೋಡು ಜಿಲ್ಲೆಯ ಪೆರ್ಲದ ತಂಗಿಯ ಪ್ರಶ್ನೆಗೆ ಉತ್ತರ, ಸ್ವಲ್ಪ ಉದ್ದ ಆಗ್ತದೆ. ಅವರು ಕೇಳಿದ್ದು ಇಷ್ಟು: ನಮ್ಮ ಕಡೆಯ ಕಥೆ ಇರುವ ಆ ಕಾದಂಬರಿ ಅಚ್ಚಾದದ್ದು 1974ರಲ್ಲಿ, ಈಗ ಎಲ್ಲೂ ಸಿಗುವುದಿಲ್ಲ. ಲೇಖಕರು 1988ರಲ್ಲಿ ತೀರಿಕೊಂಡರು, ಪ್ರಕಾಶನ ಮುಚ್ಚಿದೆ. ಶಾಲೆಯ ಲೈಬ್ರರಿಯಲ್ಲಿ ಸಿಕ್ಕಿದ ಒಂದೇ ಪ್ರತಿಯಲ್ಲಿ 113ರಿಂದ 128ರವರೆಗೆ ಪುಟಗಳೇ ಇಲ್ಲ. 300 ಸಹಿ ಆಗಿದೆ, ಇನ್ನು ಯಾವ ಪ್ರಕಾಶಕರಿಗೆ ಮನವಿ ಕೊಡುವುದು? ಅದಕ್ಕೆ ಇನ್ನೊಬ್ಬರು “50 ವರ್ಷ ಆಯಿತಲ್ಲ, ಪಿಡಿಎಫ್ ಮಾಡಿ ಹಂಚಿ” ಅಂದಿದ್ದಾರೆ.

ಪಿಡಿಎಫ್ ಮಾತು ಮೊದಲು ಮುಗಿಸ್ತೇನೆ. ಕೃತಿಯ ಹಕ್ಕು ಮುಗಿಯುವ ಲೆಕ್ಕ, ಪುಸ್ತಕ ಬಂದ ವರ್ಷದಿಂದ ಅಲ್ಲ, ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ. ಮಂಜೇಶ್ವರದ ಗೋವಿಂದ ಪೈಗಳು ಹೋದದ್ದು 1963ರಲ್ಲಿ, ಹಾಗಾಗಿ ಅವರು ಬದುಕಿದ್ದಾಗ ಪ್ರಕಟಿಸಿದ್ದು 2024ರ ಜನವರಿ 1ರಿಂದ ಎಲ್ಲರ ಸೊತ್ತು. ನಿಮ್ಮ ಲೇಖಕರದ್ದಕ್ಕೆ 2048ರ ಕೊನೆಯವರೆಗೆ ಹಕ್ಕು ಉಂಟು. ಅಷ್ಟಲ್ಲದೆ ಒಮ್ಮೆ ಪಿಡಿಎಫ್ ಮೊಬೈಲಿಂದ ಮೊಬೈಲಿಗೆ ಹೋಗಲು ಶುರುವಾದರೆ ಮತ್ತೆ ಅಚ್ಚು ಹಾಕಲು ಯಾವ ಪ್ರಕಾಶಕನೂ ಮುಂದೆ ಬರುವುದಿಲ್ಲ.

ಈಗ ಸಹಿಯ ವಿಷಯ. ಕೆಲವು ವರ್ಷದ ಹಿಂದೆ ನಾವು ಮೂವರು ನಮ್ಮ ಮಾಷ್ಟ್ರ ಕಾದಂಬರಿಗೆ ಇದನ್ನೇ ಮಾಡಿದ್ದೆವು. 400 ಸಹಿಯ ಕಟ್ಟು ಹಿಡಿದುಕೊಂಡು ಒಬ್ಬರು ಪ್ರಕಾಶಕರ ಹತ್ತಿರ ಹೋದೆವು. ಅವರು ಚಾ ಕೊಟ್ಟರು, ಕಟ್ಟನ್ನು ತಿರುವಿಯೂ ನೋಡಲಿಲ್ಲ, “ಇದರಲ್ಲಿ ದುಡ್ಡು ಕೊಡುವವರು ಎಷ್ಟು?” ಅಂತ ಮಾತ್ರ ಕೇಳಿದರು. ಆಗ ಸಿಟ್ಟು ಬಂದಿತ್ತು. ಊರಿಗೆ ಬಂದು ಅದೇ 400 ಜನರ ಹತ್ತಿರ 150 ರೂಪಾಯಿ ಮುಂಗಡ ಕೇಳಿದಾಗ ಕೊಟ್ಟವರು 90. ಸಿಟ್ಟು ಇಳಿಯಿತು. ಸಹಿ ಹಾಕುವವನಿಗೆ ಪ್ರೀತಿ ಇಲ್ಲ ಅಂತಲ್ಲ, ಪೆನ್ನು ತೆಗೆಯುವುದು ಸುಲಭ, ಪರ್ಸು ತೆಗೆಯುವುದು ಕಷ್ಟ. ಆ 90 ಹೆಸರಿನ ಪಟ್ಟಿಯೇ ಮುಂದೆ ನಮ್ಮ ಕೆಲಸ ಮಾಡಿಕೊಟ್ಟದ್ದು.

ಆದರೆ ಮುಂಗಡ ಕೇಳುವ ಮೊದಲು ಲೇಖಕರ ಮನೆಗೆ ಹೋಗಿ. ಕೈಯಲ್ಲಿರುವ ಪ್ರತಿಯ ಶೀರ್ಷಿಕೆ ಪುಟದ ಹಿಂಬದಿ ನೋಡಿ, “ಹಕ್ಕುಗಳು: ಲೇಖಕರವು” ಅಂತ ಇದ್ದರೆ ಅರ್ಧ ತಲೆಬಿಸಿ ಕಡಿಮೆ. ಪ್ರಕಾಶಕರ ಹೆಸರಿದ್ದರೆ ಹಳೆಯ ಒಪ್ಪಂದದ ಕಾಗದ ಮನೆಯಲ್ಲಿ ಉಂಟಾ ಕೇಳಿ. ಅವಧಿ ಬರೆಯದ ಒಪ್ಪಂದ 5 ವರ್ಷಕ್ಕೆ ಮುಗಿಯುತ್ತದೆ ಅಂತ ಯಾರಾದರೂ ಹೇಳಿಯಾರು. ಆ ನಿಯಮ 1995ರ ಮೇ 10ರ ನಂತರದ ಕಾಗದಗಳಿಗೆ, 1974ರದ್ದಕ್ಕೆ ಅನ್ವಯಿಸುವುದಿಲ್ಲ. ವಾರಸುದಾರರಲ್ಲಿ ಒಬ್ಬರು ಹೂಂ ಅಂದರೆ ಸಾಲದು. ಒಬ್ಬಳು ಮಗಳು ಮುಂಬಯಿಯಲ್ಲಿ, ಇನ್ನೊಬ್ಬ ಮಗ ಗಲ್ಫಿನಲ್ಲಿ ಇದ್ದರೂ ಎಲ್ಲರ ಸಹಿ ಇರುವ ಒಪ್ಪಿಗೆ ಪತ್ರ ಬೇಕು. ಸಹಿ ಸಂಗ್ರಹಿಸುವ ಉತ್ಸಾಹ ಅಲ್ಲಿ ತೋರಿಸಿ! ಪತ್ರದಲ್ಲಿ ಎಷ್ಟು ಪ್ರತಿ, ಎಷ್ಟು ವರ್ಷ, ಗೌರವಧನ ಎಷ್ಟು ಅಂತ ಬರೆಸಿ. ಮುಖಬೆಲೆಯ ಶೇಕಡಾ 10 ಸಾಮಾನ್ಯ ರೂಢಿ. ಹಳೆಯ ಮುಖಪುಟದ ಚಿತ್ರವೇ ಬೇಕು ಅಂತಾದರೆ ಅದು ಬಿಡಿಸಿದವರ ಹಕ್ಕು ಬೇರೆ, ಅದನ್ನೂ ಕೇಳಬೇಕಾಗ್ತದೆ.

ಮಾಯವಾದ ಪುಟಗಳು. 113ರಿಂದ 128 ಅಂದರೆ ಸರಿಯಾಗಿ 16 ಪುಟ, ಅಂದರೆ ಎಂಟನೆಯ ಫಾರಂ (ಒಟ್ಟಿಗೆ ಅಚ್ಚಾಗಿ ಮಡಚುವ 16 ಪುಟದ ಕಟ್ಟು). ಹರಿದು ಹೋದದ್ದಲ್ಲ, ಬೈಂಡಿಂಗ್ ಮಾಡುವಾಗಲೇ ಬಿಟ್ಟುಹೋದದ್ದಿರಬೇಕು. ಒಂದು ಪ್ರತಿಯಲ್ಲಿ ಹೀಗಾದರೆ ಆ ಕಟ್ಟಿನ ಇನ್ನೂ ಕೆಲವದರಲ್ಲಿ ಆಗಿರುವುದುಂಟು. ಹಾಗಾಗಿ ಇನ್ನೊಂದು ಪ್ರತಿ ಸಿಕ್ಕಿತು ಅಂತ ಹಾರಬೇಡಿ, ಮೊದಲು ಆ ಪುಟ ನೋಡಿ.

ಮತ್ತೆ ಟೈಪಿಂಗ್. ಹಳೆಯ ಮೊಳೆ ಅಚ್ಚನ್ನು ಮೊಬೈಲಲ್ಲಿ ಫೋಟೋ ಹೊಡೆದು ಅಕ್ಷರ ಮಾಡಿಸಬಹುದು, ಆದರೆ ‘ಮ’ ಇದ್ದಲ್ಲಿ ‘ವು’, ‘ಪ’ ಇದ್ದಲ್ಲಿ ‘ವ’ ಬರ್ತದೆ. ಅದು ಕಣ್ಣಿಗೆ ಸಿಕ್ಕಿಬೀಳುವ ತಪ್ಪು. ಸಿಕ್ಕಿಬೀಳದ್ದು ಬೇರೆ ಉಂಟು. ನಮ್ಮ ಪುಸ್ತಕದ ಕರಡು ತಿದ್ದಲು ದೂರದ ಊರಿನ ಒಳ್ಳೆಯ ವಿದ್ವಾಂಸರೊಬ್ಬರಿಗೆ ಕೊಟ್ಟೆವು. ಕಥೆಯಲ್ಲಿ ಆಟಿ ತಿಂಗಳ ಮಳೆಗೆ ಹೆಂಗಸು ‘ತೋಡು ದಾಟಿ’ ತವರಿಗೆ ಬರ್ತಾಳೆ. ನಮ್ಮಲ್ಲಿ ತೋಡು ಅಂದರೆ ಹಳ್ಳ, ಅವರಿಗೆ ತೋಡು ಅಂದರೆ ಅಗೆಯುವುದು. ಕಾಗುಣಿತ ತಪ್ಪು ಅಂದುಕೊಂಡು ‘ತೋಟ ದಾಟಿ’ ಮಾಡಿದರು. ಮುಂದಿನ ಪುಟದಲ್ಲಿ ಅವಳ ಸೀರೆ ಸೊಂಟದವರೆಗೆ ಒದ್ದೆ, ತಾಯಿ “ಜೀವ ಉಳಿಯಿತಲ್ಲ” ಅಂತ ಅಳ್ತಾಳೆ. ಅಡಿಕೆ ತೋಟ ದಾಟಿದ್ದಕ್ಕೆ! ‘ಗುಡ್ಡೆ’ಗಳೆಲ್ಲ ‘ಗುಡ್ಡ’ ಆದವು, ನೀರಿಗಾಗಿ ಗುಡ್ಡೆಗೆ ಅಡ್ಡವಾಗಿ ಕೊರೆಯುವ ಸುರಂಗ ಗೊತ್ತಿಲ್ಲದೆ ‘ಸುರಂಗದ ನೀರು’ ಪಕ್ಕ ಪ್ರಶ್ನಾರ್ಥಕ ಚಿಹ್ನೆ. ಸುರಂಗ ನೋಡಿ ಎಚ್ಚರಾದೆವು, ತೋಡು ಮಾತ್ರ ಹಾಗೇ ಅಚ್ಚಾಯಿತು. 500 ಪ್ರತಿಗೂ ಕೈಯಲ್ಲಿ ತಿದ್ದುಪಡಿ ಚೀಟಿ ಅಂಟಿಸಿದೆವು. ನೀವು ಕರಡಿನ ಕೊನೆಯ ಓದನ್ನು ಇಲ್ಲಿಯ ಭಾಷೆ ಆಡುವ ಇಬ್ಬರಿಂದಲೇ ಮಾಡಿಸಿ. ಅವರಲ್ಲಿ ಒಬ್ಬರಿಗಾದರೂ 60 ದಾಟಿರಲಿ.

ಪ್ರತಿ ಎಷ್ಟು? ಮುಂಗಡ 100ರ ಒಳಗಿದ್ದರೆ ಬೇಕಾದಷ್ಟೇ ತೆಗೆಯುವ ಡಿಜಿಟಲ್ ಮುದ್ರಣ ಸಾಕು. 200 ದಾಟಿದರೆ ಮಂಗಳೂರಿನ ಒಂದೆರಡು ಪ್ರೆಸ್ಸಿನಲ್ಲಿ 300 ಮತ್ತು 500ಕ್ಕೆ ಆಫ್‌ಸೆಟ್ ದರ ಬೇರೆಬೇರೆ ಕೇಳಿ. ಕೇಳುವಾಗ ಪುಟ ಹೇಳಬೇಡಿ, ಫಾರಂ ಹೇಳಿ, 240 ಪುಟಕ್ಕೆ 15 ಫಾರಂ. 500ರಿಂದ 1000ಕ್ಕೆ ಪ್ರತಿಯೊಂದರ ಖರ್ಚು ಇಳಿಯುತ್ತದೆ ಅಂತ ಆಸೆ ಹುಟ್ಟಿಸ್ತಾರೆ. ಮಾರಾಟವಾಗದ ಪುಸ್ತಕ ಅಟ್ಟದಲ್ಲಿ ಒಂದು ಮಳೆಗಾಲ ಕಳೆದರೆ ಬೂಷ್ಟು, ಎರಡು ಕಳೆದರೆ ಒರಲೆ, ಅಂದರೆ ಗೆದ್ದಲು. ಅಡಿಕೆಯನ್ನಾದರೂ ಬಿಸಿಲಿಗೆ ಹಾಕಬಹುದು.

ಪುಸ್ತಕದ ಗುರುತಿನ ಐಎಸ್‌ಬಿಎನ್ ಸಂಖ್ಯೆ ಸರ್ಕಾರದಿಂದ ಉಚಿತವಾಗಿ ಸಿಗ್ತದೆ, ದಲ್ಲಾಳಿಗೆ ದುಡ್ಡು ಕೊಡಬೇಡಿ. ಮಾರಾಟಕ್ಕೆ ಪುಸ್ತಕದಂಗಡಿಗಿಂತ ನಮ್ಮ ಗ್ರಂಥಾಲಯಗಳನ್ನು ಹಿಡಿಯಿರಿ. ಕೇರಳ ರಾಜ್ಯ ಲೈಬ್ರರಿ ಕೌನ್ಸಿಲಿನ ಅಂಗೀಕಾರ ಇರುವವುಗಳಿಗೆ ಪುಸ್ತಕ ಕೊಳ್ಳಲು ಅನುದಾನ ಬರ್ತದೆ, ಜಿಲ್ಲೆಯ ಪುಸ್ತಕೋತ್ಸವದಲ್ಲಿ ಅದನ್ನು ಖರ್ಚು ಮಾಡ್ತಾರೆ. ಅಲ್ಲಿ ಮಲಯಾಳ ಪುಸ್ತಕಗಳ ನಡುವೆ ಕನ್ನಡದ್ದು ಹುಡುಕುವವರು ಇರ್ತಾರೆ. ನಮ್ಮ 70 ಪ್ರತಿ ಅಲ್ಲೇ ಹೋದದ್ದು. ಆ ದಿನಕ್ಕೆ ಪುಸ್ತಕ ಕೈಯಲ್ಲಿ ಇರುವ ಹಾಗೆ ಕೆಲಸ ಹಿಂದಿನಿಂದ ಲೆಕ್ಕ ಹಾಕಿ.

ಇನ್ನೊಂದು. ಈ ಕಾದಂಬರಿಯ ಒಂದು ಪ್ರತಿ ನನ್ನ ಹತ್ತಿರವೂ ಉಂಟು, ಈಗಷ್ಟೇ ಪೆಟ್ಟಿಗೆ ತೆರೆದು ನೋಡಿದೆ. 113ರಿಂದ 128 ಸರಿಯಾಗಿವೆ, ಕೊನೆಯ ಎರಡು ಹಾಳೆ ಒರಲೆ ತಿಂದಿದೆ. ಲೈಬ್ರರಿ ಪ್ರತಿಯ ಕೊನೆಯ ಪುಟಗಳ ಫೋಟೋ ಹಾಕಿ. ಭಾನುವಾರ ನಾನು ಬದಿಯಡ್ಕಕ್ಕೆ ಬರ್ತೇನೆ, ಪುಸ್ತಕ ಚೀಲದಲ್ಲಿರ್ತದೆ.